ಮುಂದಿನ ದೀಪ

ಕತ್ತಲೆ ಎಲ್ಲ ಊರುಗಳಲ್ಲಿಯೂ ಒಂದೇ ಎಂದು ಪಟ್ಟಣಿಗರು ತಿಳಿದಿರುತ್ತಾರೆ. ಹಾಗಲ್ಲ. ಬೀದಿದೀಪಗಳ ನಡುವೆ ಸಿಕ್ಕಿಬಿದ್ದ ಕತ್ತಲೆ ಸಾಧು ಪ್ರಾಣಿ. ಕಲಾದಗಿ ದಾಟಿ ಲೋಕಾಪುರದ ಕಡೆಗೆ ಹೊರಟಾಗ ಎದುರಾಗುವ ಕತ್ತಲೆಯೇ ಬೇರೆ. ಡಾಂಬರು ಕಪ್ಪು, ಪಕ್ಕದ ಎರೆಹೊಲ ಕಪ್ಪು, ನಡುರಸ್ತೆಯಲ್ಲಿ ನಿಂತ ಎಮ್ಮೆಯಂತೂ ಇವೆರಡಕ್ಕೂ ಹಿರಿಯಕ್ಕ.

1885ರಲ್ಲಿ ಜಿಲ್ಲೆಯ ಕಚೇರಿ ವಿಜಾಪುರಕ್ಕೆ ಹೋದ ಮೇಲೆ ಕಲಾದಗಿಗೆ ಉಳಿದ ದೊಡ್ಡಸ್ತಿಕೆಯೆಂದರೆ ದಾಳಿಂಬೆ ಮತ್ತು ಚಿಕ್ಕು. ಆ ಹಣ್ಣಿನ ವ್ಯವಹಾರದ ನೆಪದಿಂದ ನಾನು ಈ ರಸ್ತೆಯಲ್ಲಿ ರಾತ್ರಿ ಓಡಾಡುವುದುಂಟು. ವಾಹನ ಹಳೆಯ ಬುಲೆಟ್ಟು. ಅದರ ಮುಂದಿನ ದೀಪಕ್ಕೆ ದಾರಿ ತೋರಿಸುವುದಕ್ಕಿಂತ ತಾನಿನ್ನೂ ಬದುಕಿದ್ದೇನೆಂದು ಸಾರುವುದರಲ್ಲಿಯೇ ಆಸಕ್ತಿ ಹೆಚ್ಚು.

ಚಳಿಗಾಲ ಬಂತೆಂದರೆ ಕಬ್ಬು ನುರಿಸುವ ಹಂಗಾಮು. ಕಬ್ಬು ಹೇರಿದ ಟ್ರೇಲರು ಗಾಲಿ ಕೆಟ್ಟು ರಸ್ತೆಯಲ್ಲಿಯೇ ನಿಂತಿರುತ್ತದೆ. ಹಿಂದೆ ಒಂದು ಕೆಂಪು ಬಿಲ್ಲೆಯೂ ಇರುವುದಿಲ್ಲ. ಹಿಂದಿನ ಚಕ್ಕಡಿಗಳ ಅಚ್ಚಿನಲ್ಲಿ ಒಂದು ಕಂದೀಲಾದರೂ ತೂಗಾಡುತ್ತಿತ್ತು. ಲೆಕ್ಕ ಸರಳವಾದುದು. ಗಂಟೆಗೆ 60 ಕಿಲೋಮೀಟರು ಎಂದರೆ ಸೆಕೆಂಡಿಗೆ ಹದಿನಾರು ಚಿಲ್ಲರೆ ಮೀಟರು. ದೀಪ 30 ಮೀಟರು ಮಾತ್ರ ತೋರಿಸಿದರೆ ನಮಗುಳಿಯುವುದು ಎರಡು ಸೆಕೆಂಡಿಗಿಂತ ಕಡಿಮೆ. ಕಂಡು ಎಚ್ಚರಗೊಳ್ಳುವುದಕ್ಕೇ ಒಂದು ಸೆಕೆಂಡು ಬೇಕು. ಮಿಕ್ಕದ್ದರಲ್ಲಿ ಬ್ರೇಕೂ ದೇವರೂ ಕೂಡಿ ಕೆಲಸ ಮಾಡಬೇಕು.

ಇನ್ನೂ ದೊಡ್ಡ ಬಲ್ಬು ಹಾಕಿದರೆ ಹೇಗೆಂದು ಬಾಗಲಕೋಟೆಯ ಮಿಸ್ತ್ರಿಯನ್ನು ಕೇಳಿದೆ. ಆತ ನಕ್ಕ: “ಇದ್ದ ಬಲ್ಬಿಗೇ ಕೂಳು ಸಾಲವಲ್ದ್ರಿ ಸರ. ಗಂಗಾಳ ದೊಡ್ಡದು ಮಾಡಿದ್ರ ಹೊಟ್ಟಿ ತುಂಬತೈತೇನ್ರಿ?”

ಮಾತು ನಿಜ. 12 ವೋಲ್ಟಿನಲ್ಲಿ ಉರಿಯುವ 60 ವಾಟಿನ ಬಲ್ಬಿಗೆ 5 ಆಂಪಿಯರು ಬೇಕು. ಸಣ್ಣ ತಂತಿ, ಸವೆದ ಸ್ವಿಚ್ಚು, ಕಿಲುಬು ಹಿಡಿದ ಜೋಡಣೆಗಳ ಮೂಲಕ ಬರುವಾಗ ದಾರಿಯಲ್ಲಿಯೇ ವೋಲ್ಟು ಸೋರುತ್ತದೆ. ಹತ್ತರಲ್ಲೊಂದು ಪಾಲು ವೋಲ್ಟು ಕಡಿಮೆಯಾದರೆ ಬೆಳಕು ಹತ್ತರಲ್ಲಿ ಮೂರು ಪಾಲಿನಷ್ಟು ಕುಗ್ಗುತ್ತದೆ. ಮಿಸ್ತ್ರಿ ಬ್ಯಾಟರಿಯಿಂದಲೇ ದಪ್ಪ ತಂತಿಯೆಳೆದು, ನಡುವೆ ಫ್ಯೂಸು ಮತ್ತು ರಿಲೇ ಕೂಡಿಸಿದ. ಈಗ ಸ್ವಿಚ್ಚು ಸನ್ನೆ ಮಾಡುತ್ತದೆ, ಹೊರೆ ಹೊರುವುದು ರಿಲೇ. ಬಲ್ಬು ಅದೇ, ಬೆಳಕು ಮಾತ್ರ ಹೊಸದು.

ಅಂಗಡಿಗಳಲ್ಲಿ ಎಲ್‌ಇಡಿ ಬಲ್ಬುಗಳೂ ದೊರೆಯುತ್ತವೆ. ತಂತುವಿನ ಬಲ್ಬಿಗೆಂದು ಮಾಡಿದ ಬುರುಡೆಯಲ್ಲಿ ಅವನ್ನು ತುರುಕಿದರೆ, ಬೆಳಕು ಹುಟ್ಟುವ ಜಾಗ ಬದಲಾಗಿ ಕಿರಣಗಳು ದಿಕ್ಕುಗೆಡುತ್ತವೆ. ರಸ್ತೆಗಿಂತ ಎದುರಿನವರ ಕಣ್ಣೇ ಹೆಚ್ಚು ಬೆಳಗುತ್ತದೆ. ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬನಶಂಕರಿಗೆ ಜನ ರಾತ್ರಿಯೆಲ್ಲ ನಡೆದು ಹೋಗುತ್ತಾರೆ. ಅಂಥ ಬೆಳಕು ಎದುರಿನ ಸವಾರನ ಕಣ್ಣಿಗೆ ಬಡಿದರೆ, ಅಂಚಿನಲ್ಲಿ ಕೂಸನ್ನೆತ್ತಿಕೊಂಡು ಹೊರಟ ತಾಯಿ ಅವನಿಗೆ ಕಾಣುವುದಿಲ್ಲ. ಆದ್ದರಿಂದಲೇ ಮಿಸ್ತ್ರಿ ನನ್ನನ್ನು ಗಾಡಿಯ ಮೇಲೆ ಕೂರಿಸಿ, ಗೋಡೆಯ ಮೇಲೆ ಬಿದ್ದ ಬೆಳಕನ್ನು ತುಸು ಕೆಳಗಿಳಿಸಿದ. ಆ ಕೆಲಸಕ್ಕೆ ಬೇಕಾದದ್ದು ಒಂದು ತಿರುಪುಳಿ ಮಾತ್ರ.

2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಹಗಲಿನಲ್ಲಿಯೂ ಉರಿಯಬೇಕೆಂಬ ನಿಯಮವಿದೆ. ಕಾಣುವುದಷ್ಟೇ ಅಲ್ಲ, ಕಾಣಿಸಿಕೊಳ್ಳುವುದೂ ದೀಪದ ಧರ್ಮವೆಂಬುದು ಅದರ ತಾತ್ಪರ್ಯ. ಇನ್ನೊಂದು ಧರ್ಮವೂ ಉಂಟು: ಎದುರಿಗೆ ಬರುವವನೂ ತನ್ನ ದಾರಿ ಕಂಡುಕೊಳ್ಳಲು ಬಿಡುವುದು. ಅದು ಹೆಬ್ಬೆರಳ ಸ್ವಿಚ್ಚಿನಲ್ಲಿದೆ.