ಬದ್ಧಮುಷ್ಟಿ

ಹಗಲು ಚಾಮರಾಜನಗರದ ಕಾಲೇಜಿನಲ್ಲಿ ಪಾಠ. ಸಂಜೆ ತೆರಕಣಾಂಬಿಯ ಮೇಲೆ ಹಾಯ್ದುಬರುವ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಮರಳಿ ಹಾರ್ಮೋನಿಯಂ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳುವುದು ನನ್ನ ಬಹುಕಾಲದ ರೂಢಿ. ಕಳೆದ ಮಳೆಗಾಲದ ಒಂದು ಸಂಜೆ, ಪಂಚಮದಿಂದ ತಾರಷಡ್ಜಕ್ಕೆ ಏರುವಾಗ ಬಲಗೈಯ ಕಿರುಬೆರಳು ಕೀಲಿಯನ್ನು ಮುಟ್ಟಿತು, ಒತ್ತಲಾರದಾಯಿತು. ಮೊಣಕೈವರೆಗೆ ಉರಿ.

ವೈದ್ಯರು ಕೇಳಿದ್ದು ಸಂಗೀತವನ್ನಲ್ಲ. “ದಿನಕ್ಕೆ ಎಷ್ಟು ಹೊತ್ತು ಕಂಪ್ಯೂಟರ್ ಮುಂದೆ ಇರುತ್ತೀರಿ, ಮೇಷ್ಟ್ರೇ?”

ತಾಳೆಗರಿಯಿಂದ ನಮ್ಮ ಅಜ್ಜ ನೋಟುಪುಸ್ತಕಗಳಿಗೆ ಇಳಿಸಿಕೊಂಡಿದ್ದ ಜೈನಕಾವ್ಯವೊಂದನ್ನು ಎರಡು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಅಕ್ಷರೀಕರಿಸುತ್ತಿದ್ದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ‘ಎಫ್’ ಬೇಕು; ಮಹಾಪ್ರಾಣ, ದೀರ್ಘ, ಅನುಸ್ವಾರಗಳಿಗೆ ‘ಶಿಫ್ಟ್’ ಬೇಕು. ‘ಧರ್ಮಧ್ಯಾನಂ’ ಎಂಬ ಒಂದು ಪದಕ್ಕೆ 10 ಕೀಲಿಗಳು, 4 ಬಾರಿ ಶಿಫ್ಟ್. ಟೈಪಿಂಗನ್ನು ಕ್ರಮವಾಗಿ ಕಲಿಯದ ನಾನು ಶಿಫ್ಟಿಗೆಲ್ಲ ಬಲಗಿರುಬೆರಳನ್ನೇ ದುಡಿಸಿದ್ದೆ. ಆಧುನಿಕ ಕವಿತೆಯನ್ನು ಟೈಪು ಮಾಡಿದ್ದರೆ ಬೆರಳು ಉಳಿಯುತ್ತಿತ್ತೇನೋ! ಚಂಪೂಕಾವ್ಯದ ಸಂಸ್ಕೃತ ಸಮಾಸಗಳು ಅದನ್ನು ಬಿಡಲಿಲ್ಲ.

ಶಿಫ್ಟನ್ನು ಎಡಗೈಗೆ ವರ್ಗಾಯಿಸೋಣವೆಂದುಕೊಂಡೆ. ಆಗ ನೆನಪಾದದ್ದು ಇಟಲಿಯ ವೈದ್ಯ ಬರ್ನಾರ್ದಿನೊ ರಾಮಝ್ಝಿನಿ. ವೃತ್ತಿರೋಗಗಳನ್ನು ಕುರಿತ ಆತನ ಗ್ರಂಥದ 1713ರ ಆವೃತ್ತಿಯಲ್ಲಿ ಲಿಪಿಕಾರರ ಪ್ರಸ್ತಾಪವಿದೆ: ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಬಿಗಿ. ಬಲಗೈ ಸೋತ ಬರಹಗಾರನೊಬ್ಬ ಎಡಗೈಯಲ್ಲಿ ಬರೆಯಲು ಕಲಿತನಂತೆ. ಸ್ವಲ್ಪ ಕಾಲದಲ್ಲೇ ಅದಕ್ಕೂ ಅದೇ ಗತಿ. ಹಾರ್ಮೋನಿಯಮ್ಮಿನ ತಿದಿಯೊತ್ತಲು ನನಗಿರುವುದು ಆ ಎಡಗೈ ಒಂದೇ.

ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿದಳೆಂದು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ದಾನದ ಹಿರಿಮೆಯನ್ನು ವಿವರಿಸಿದ್ದೇನೆ; ಆ ಗರಿಗಳ ಮೇಲೆ ಕಂಠವನ್ನು ಹಿಡಿದು ಕೊರೆದ ಕೈಗಳನ್ನು ಕುರಿತು ಒಂದು ಮಾತನ್ನೂ ಆಡಿದ್ದಿಲ್ಲ. ಲಿಪಿಕಾರರು ಮಾತ್ರ ಸುಮ್ಮನಿರಲಿಲ್ಲ. ಹಸ್ತಪ್ರತಿಗಳ ಕೊನೆಯಲ್ಲಿ ಬರುವ ಪ್ರಸಿದ್ಧ ಸಂಸ್ಕೃತ ಶ್ಲೋಕದಲ್ಲಿ ತಮ್ಮ ದೇಹಕಷ್ಟವನ್ನು ತೋಡಿಕೊಂಡು, ಗ್ರಂಥವನ್ನು ಜೋಪಾನಮಾಡಿರೆಂದು ಬೇಡುತ್ತಾರೆ. ಅದರ ಮೊದಲಲ್ಲಿ ಹೆಚ್ಚಾಗಿ ಕಾಣುವ ಪಾಠ ‘ಭಗ್ನಪೃಷ್ಠ’, ಮುರಿದ ಬೆನ್ನು. ‘ಬದ್ಧಮುಷ್ಟಿ’, ಬಿಗಿದ ಮುಷ್ಟಿ, ಎಂಬ ಪಾಠಾಂತರವೂ ಉಂಟು.

ಅಜ್ಜನ ಪ್ರತಿಯಲ್ಲಿದ್ದದ್ದು ಬದ್ಧಮುಷ್ಟಿ. ಕೈತಪ್ಪೆಂದು ಬಗೆದು ನಾನು ಅದನ್ನು ‘ಭಗ್ನಪೃಷ್ಠ’ವೆಂದು ತಿದ್ದಿ, ಮೂಲಪಾಠವನ್ನು ಅಡಿಟಿಪ್ಪಣಿಗೆ ತಳ್ಳಿದ್ದೆ. ಆಗ ನನ್ನ ಕೈ ನೋಯುತ್ತಿರಲಿಲ್ಲ. ನೋವು ಪಾಠನಿರ್ಣಯಕ್ಕೆ ಪ್ರಮಾಣವಲ್ಲ, ನಿಜ. ಆದರೆ ಪ್ರತಿಯಲ್ಲಿ ಸ್ಪಷ್ಟವಾಗಿದ್ದುದನ್ನು ಪರಿಚಿತವಾದುದಕ್ಕಾಗಿ ಬದಲಿಸಿದ್ದು ಸಂಪಾದನೆಯ ದೋಷವೇ.

ಈಗ ನಾನು ಓದುತ್ತೇನೆ, ವಿದ್ಯಾರ್ಥಿನಿಯೊಬ್ಬಳು ಟೈಪು ಮಾಡುತ್ತಾಳೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅವಳನ್ನು ಏಳಿಸುತ್ತೇನೆ. ಹಾರ್ಮೋನಿಯಮ್ಮನ್ನು ಮೂರು ಬೆರಳಲ್ಲಿ ನುಡಿಸುವುದಾಗಿದೆ. ತಾರಷಡ್ಜಕ್ಕೆ ಕೈಯನ್ನೇ ಸರಿಸಬೇಕು, ಅಷ್ಟರಲ್ಲಿ ಪಂಚಮ ಕಡಿದುಹೋಗುತ್ತದೆ. ಮೊನ್ನೆ ಆ ಶ್ಲೋಕವನ್ನು ಮತ್ತೆ ತೆಗೆಸಿದೆ. “ಬದ್ಧ, ದಕ್ಕೆ ಧ ಒತ್ತೇ ಅಲ್ವಾ ಸರ್?” ಎಂದು ಕೇಳಿ ತಿದ್ದಿದಳು.