ನೀರಿಲ್ಲದ ಜಲಪಾತಕ್ಕೆ ಒಂದು ಬೇಸಿಗೆ ಪ್ರವಾಸ

ಏಪ್ರಿಲ್ ಬಂತೆಂದರೆ ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಒಂದೇ ಚಿಂತೆ: ರಜೆಯಲ್ಲಿ ಮಕ್ಕಳನ್ನು ಏನು ಮಾಡೋದು? ಸಮ್ಮರ್ ಕ್ಯಾಂಪಾ, ಅಜ್ಜಿ ಮನೆಯಾ? ನನ್ನ ಅಕ್ಕನಿಗೆ ಇನ್ನೊಂದು ಚಿಂತೆಯೂ ಇತ್ತು. ಹೋದ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಮಗಳು ಎಂಟರ ಮಗ್ಗಿ ಮರೆತಿದ್ದಳು. ಕನ್ನಡವನ್ನಂತೂ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. ಈ ಸಲವೂ ಹೀಗಾದರೆ ಆರನೇ ಕ್ಲಾಸು ಕಷ್ಟ ಅಂತ ಟೀಚರ್ ಮೊದಲೇ ಹೇಳಿದ್ದರು.

ಪುಟ್ಟಿ ರಜೆಗೆ ಬಂದದ್ದು ಮಳವಳ್ಳಿಯ ನಮ್ಮ ಮನೆಗೆ. ನಾನೂ ಒಂದು ವಾರ ಅಲ್ಲಿಂದಲೇ ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುತ್ತಿದ್ದೆ. ವರ್ಕ್‌ಶೀಟ್ ಕೊಟ್ಟರೆ ಅರ್ಧ ಗಂಟೆಗೆ ಆಕಳಿಕೆ. ಶನಿವಾರ ಇಬ್ಬರೂ ಶಿವನಸಮುದ್ರಕ್ಕೆ ಹೊರಟೆವು. ಕಾರು ಬೇಡ, ಬಸ್ಸೇ ಸಾಕು. ಒಂದೇ ಷರತ್ತು: ಬೋರ್ಡ್ ಓದಿ ಬಸ್ ಹುಡುಕುವವಳು ಅವಳೇ.

ಬಸ್ ಸ್ಟ್ಯಾಂಡಿನಲ್ಲಿ ಮದ್ದೂರು, ಕನಕಪುರ ಸಲೀಸಾಗಿ ಬಂತು. ‘ಕೊಳ್ಳೇಗಾಲ’ದ ಒತ್ತಕ್ಷರ ಬಿಡಿಸುವಷ್ಟರಲ್ಲಿ ಬಸ್ ಹೊರಟೇ ಹೋಯಿತು. ಮುಂದಿನ ಬಸ್ಸನ್ನು ಅವಳು ದೂರದಿಂದಲೇ ಗುರುತು ಹಿಡಿದು ಓಡಿದಳು. ಶಕ್ತಿ ಯೋಜನೆಯಲ್ಲಿ ಅವಳಿಗೆ ಶೂನ್ಯ ಟಿಕೆಟ್, ನನಗೆ ದುಡ್ಡಿನ ಟಿಕೆಟ್. ಚಿಲ್ಲರೆ ಎಣಿಸಿದ್ದೂ ಅವಳೇ. ದಾರಿಯಲ್ಲಿ ಇಳಿದು, ಆಟೋ ಹಿಡಿದು ಗಗನಚುಕ್ಕಿ ತಲುಪಿದೆವು.

ಕಟಕಟೆ ಹಿಡಿದು ನೋಡಿದವಳಿಗೆ ಪೂರ್ತಿ ನಿರಾಸೆ. ಬರೀ ಬಂಡೆ, ನಡುವೆ ಒಂದೆರಡು ಎಳೆ ನೀರು. “ಮಾಮ, ನೀರೆಲ್ಲಿ?”

ಫೋಟೋದಲ್ಲಿ ಕಾಣುವ ಭೋರ್ಗರೆತ ಮಳೆಗಾಲದ್ದು. ಬೇಸಿಗೆಯಲ್ಲಿ ಹೊಳೆಯೇ ಸಣ್ಣದು. ಜೊತೆಗೆ ಮೇಲುಗಡೆಯೇ ನೀರನ್ನು ಕಾಲುವೆಗೆ ತಿರುಗಿಸಿ, ದಪ್ಪ ಪೈಪುಗಳಲ್ಲಿ ಕೆಳಗಿಳಿಸಿ, ಟರ್ಬೈನ್ ತಿರುಗಿಸಿ ಕರೆಂಟ್ ಮಾಡುತ್ತಾರೆ. ಎತ್ತರ ಎಷ್ಟು ಅಂದಳು. ಸುಮಾರು 90 ಮೀಟರ್ ಅಂದೆ. ಒಂದು ಮಹಡಿ ಮೂರು ಮೀಟರ್ ಅಂದುಕೋ, ನಿಮ್ಮ ಅಪಾರ್ಟ್‌ಮೆಂಟ್ ಎಂಟು ಮಹಡಿ. ಎಂಟ್ಮೂರ್ಲ ಇಪ್ಪತ್ನಾಲ್ಕು ಅಂತ ಬೆರಳು ಮಡಚಿದಳು. “ಹಂಗಾದ್ರೆ ಹತ್ತಿರ ಹತ್ತಿರ ನಾಲ್ಕು ಅಪಾರ್ಟ್‌ಮೆಂಟ್, ಒಂದರ ಮೇಲೊಂದು!”

ನೆರಳಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾ ಉಳಿದ ಕತೆ ಹೇಳಿದೆ. ಈ ವಿದ್ಯುತ್ ಕೇಂದ್ರ ಶುರುವಾದದ್ದು 1902ರಲ್ಲಿ. ಇಲ್ಲಿನ ಕರೆಂಟ್ ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು 1905ರಲ್ಲಿ. ಅವಳು ಕಳೆದು ನೋಡಿದಳು. “ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಗಣಿಗಾ? ಯಾಕೆ?” ಆಳದ ಗಣಿಯಿಂದ ನೀರೆತ್ತಬೇಕು, ಅದಿರು ಮೇಲೆ ತರಬೇಕು, ಕಲ್ಲು ಪುಡಿ ಮಾಡಬೇಕು, ಎಲ್ಲಕ್ಕೂ ಯಂತ್ರ ಬೇಕು ಅಂದೆ.

ಮನೆಗೆ ಬಂದು ಅಜ್ಜಿಗೆ ಇದನ್ನೆಲ್ಲ ಒಪ್ಪಿಸಿದಾಗ ಅಮ್ಮ ನಕ್ಕರು. “ನಮ್ಮೂರಿಗೆ ಕರೆಂಟ್ ಬಂದಿದ್ದು ನಾನು ಸ್ಕೂಲಿಗೆ ಹೋಗ್ತಿದ್ದಾಗ ಕಣೇ. ಅಲ್ಲೀವರೆಗೂ ಬುಡ್ಡಿ ದೀಪಾನೇ.” ಪುಟ್ಟಿಗೆ ನಂಬಲಾಗಲಿಲ್ಲ. ಪಕ್ಕದಲ್ಲೇ ಹುಟ್ಟಿದ ಕರೆಂಟ್ ಕೋಲಾರಕ್ಕೆ ಹೋಯಿತು, ಅಜ್ಜಿ ಊರಿಗೆ ಬರಲಿಲ್ಲ! ಅದು ಸರಿಯಾ ಅಂತ ರಾತ್ರಿ ಊಟದವರೆಗೂ ಕೇಳುತ್ತಲೇ ಇದ್ದಳು. ಆಮೇಲೆ ಯಾರೂ ಹೇಳದೆಯೇ ಅವಳಮ್ಮನಿಗೆ ಕನ್ನಡದಲ್ಲಿ ಅರ್ಧ ಪುಟ ಬರೆದಳು. ತಪ್ಪುಗಳಿದ್ದವು, ಆದರೆ ‘ಕೊಳ್ಳೇಗಾಲ’ ಸರಿಯಾಗಿತ್ತು.

ರಜೆಯಲ್ಲಿ ಮಕ್ಕಳು ಮರೆಯುವುದು ಉಪಯೋಗಕ್ಕೆ ಬಾರದ್ದನ್ನು. ಬಸ್ ಸಿಗಬೇಕಾದರೆ ಓದು ಬೇಕು, ಎತ್ತರ ಗೊತ್ತಾಗಬೇಕಾದರೆ ಮಗ್ಗಿ ಬೇಕು. ಅದಕ್ಕೆ ದೊಡ್ಡ ಖರ್ಚು ಬೇಡ. ನಿಮ್ಮೂರ ಹತ್ತಿರ ಅಣೆಕಟ್ಟೋ, ಹಳೇ ಕೆರೆಯೋ, ರೈಲ್ವೆ ಸ್ಟೇಷನ್ನೋ ಇದ್ದೇ ಇರುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಟೋಪಿ, ನೀರು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಗಗನಚುಕ್ಕಿಗೇ ಹೋದರೆ ನೀರು ಕಡಿಮೆ ಇದೆ ಅಂತ ಮಕ್ಕಳನ್ನು ಬಂಡೆಗಿಳಿಸಬೇಡಿ, ನೋಡುವ ಜಾಗದಿಂದಲೇ ನೋಡಿ. ಎಲ್ಲಾ ಪ್ರಶ್ನೆಗೂ ಅಲ್ಲೇ ಉತ್ತರ ಹೇಳಿ ಮುಗಿಸಬೇಡಿ, ಒಂದನ್ನು ಮನೆಗೆ ತನ್ನಿ. ಮನೆಯಲ್ಲಿ ಉತ್ತರ ಗೊತ್ತಿರುವ ಹಿರಿಯರು ಇರಬಹುದು.