ಶಿಲ್ಲಾಂಗಿನ ಅಡಿಕೆ ಉಪಚಾರ

ನಾವು ಅಕ್ಕ-ತಂಗಿ ಗುವಾಹಟಿಯಿಂದ ನೂರು ಕಿ.ಮೀ. ಬೆಟ್ಟದ ದಾರಿ ಏರಿ ಮೇಘಾಲಯದ ಶಿಲ್ಲಾಂಗ್ ತಲುಪಿದಾಗ ಮಳೆ ಹನಿಯುತ್ತಿತ್ತು. ಕಾಸರಗೋಡಿನವರಿಗೆ ಮಳೆ ಹೊಸತೇ? ಆದರೆ ಮರುದಿನ ನೋಡಿದ ಚಿರಾಪುಂಜಿಯಲ್ಲಿ ವರ್ಷದ ಮಳೆ ಸುಮಾರು 11,000 ಮಿ.ಮೀ., ನಮ್ಮೂರಿನ ಮೂರು ಪಟ್ಟು. ಆದರೂ ಚಳಿಗಾಲದಲ್ಲಿ ಅಲ್ಲಿ ಕುಡಿಯುವ ನೀರಿಗೆ ತತ್ವಾರ!

ಖಾಸಿ ಕುಟುಂಬವೊಂದು ಊಟಕ್ಕೆ ಕರೆದಿತ್ತು. ಕೂತ ಕೂಡಲೇ ತಟ್ಟೆಯಲ್ಲಿ ಹಸಿ ಅಡಿಕೆ, ವೀಳ್ಯದೆಲೆ, ಸುಣ್ಣ ಬಂತು. ಅದಕ್ಕೆ 'ಕ್ವಾಯ್' ಎನ್ನುತ್ತಾರೆ. ಅಡಿಕೆ ತೋಟದಲ್ಲೇ ಬೆಳೆದ ನಾವು ಒಂದು ಹೋಳಿಗೆ ಬೆವತುಹೋದೆವು.

2011ರ ಜನಗಣತಿಯಂತೆ ಮೇಘಾಲಯದಲ್ಲಿ ನೂರಕ್ಕೆ ಸುಮಾರು 75 ಮಂದಿ ಕ್ರೈಸ್ತರು. ಆದರೂ ಖಾಸಿಯರು ಹಳೆಯ ಕಟ್ಟಳೆ ಬಿಟ್ಟಿಲ್ಲ. ಕುಲ ತಾಯಿಯದು, ಹಿರಿಯರ ಮನೆ ಕಿರಿಯ ಮಗಳಿಗೆ, ಹೆತ್ತವರ ಆರೈಕೆಯೂ ಅವಳದೇ. ನಮ್ಮ ತುಳುನಾಡಿನ ಅಳಿಯಸಂತಾನ ನೆನಪಾಯಿತು.

"ನಿಮ್ಮ ತಾಯಿ ಯಾರ ಬಳಿ ಇದ್ದಾರೆ?" ಮನೆಯಾಕೆ ಕೇಳಿದರು. ಅಮ್ಮ ತೀರಿ ವರ್ಷವಾಯಿತು, ಕೊನೆಗಾಲದಲ್ಲಿ ನಾವಿಬ್ಬರೂ ದೂರವಿದ್ದೆವು ಎಂದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ತೀರಿಕೊಂಡವರು ದೇವರ ಮನೆಯಲ್ಲಿ ಕ್ವಾಯ್ ತಿನ್ನುತ್ತಿದ್ದಾರೆ ಎಂಬುದು ತಮ್ಮಲ್ಲಿನ ಮಾತು ಎಂದರು. ನಮ್ಮಮ್ಮನಿಗೂ ಎಲೆಯಡಿಕೆ ಇಲ್ಲದೆ ಊಟ ಮುಗಿಯುತ್ತಿರಲಿಲ್ಲ.

ಹೊರಡುವಾಗ ಮತ್ತೆರಡು ಹೋಳು ಕೈಗಿಟ್ಟರು. ಈ ಸಲ ಬೇಡವೆನ್ನಲಿಲ್ಲ.